ಪುಟ್ಟ ಊರಿನ ಬ್ಯಾಂಕಿನ ಹತ್ತು ಡಾಲರ್ ನೋಟು: ಮೇಳದಲ್ಲಿ ಒಂದು, ಆನ್‌ಲೈನ್‌ನಲ್ಲಿ ಒಂದು

ಹೋದ ತಿಂಗಳು ಪೆನ್ಸಿಲ್ವೇನಿಯಾದಲ್ಲಿ ನಡೆದ ಒಂದು ನಾಣ್ಯ ಮೇಳದಲ್ಲಿ 1929ರ ಹತ್ತು ಡಾಲರ್ ನೋಟು ಕೊಂಡೆ. ಕೊಟ್ಟದ್ದು 185 ಡಾಲರ್. ಅದಕ್ಕೂ ನಾಲ್ಕು ತಿಂಗಳ ಮುಂಚೆ ಆನ್‌ಲೈನ್‌ನಲ್ಲಿ 1902ರ ಸೀರೀಸ್‌ನ ಹತ್ತು ಡಾಲರ್ ನೋಟು ತರಿಸಿದ್ದೆ, ಅದಕ್ಕೆ 640 ಡಾಲರ್. ಮೊದಲನೆಯದಕ್ಕೆ ಐದರಲ್ಲಿ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಎರಡನೆಯದಕ್ಕೆ ಒಂದು, ಅದೂ ನೋಟಿಗೆ, ಮಾರಿದವರಿಗಲ್ಲ. ಈ ಹವ್ಯಾಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗ ಆಗಲಿ ಅಂತ ಎರಡರ ಕಥೆಯನ್ನೂ ಪೂರ್ತಿ ಬರೆಯುತ್ತಿದ್ದೇನೆ.

ಇದು ಯಾವ ನೋಟು ಅಂತ ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹೇಳಬೇಕು. ಇವಕ್ಕೆ ನ್ಯಾಷನಲ್ ಬ್ಯಾಂಕ್ ನೋಟು ಅಂತಾರೆ. 1863ರಿಂದ 1935ರವರೆಗೆ ಅಮೆರಿಕದ ಸಾವಿರಾರು ಬ್ಯಾಂಕುಗಳು ತಮ್ಮ ಹೆಸರು, ತಮ್ಮ ಊರಿನ ಹೆಸರು ಹಾಕಿದ ನೋಟುಗಳನ್ನು ಕೊಡುತ್ತಿದ್ದವು. ನ್ಯೂಯಾರ್ಕ್, ಷಿಕಾಗೋದಂಥ ದೊಡ್ಡ ಊರುಗಳಷ್ಟೇ ಅಲ್ಲ, ಎರಡು ಬೀದಿ, ಒಂದು ಚರ್ಚು, ಒಂದು ರೈಲು ನಿಲ್ದಾಣ ಇದ್ದ ಹಳ್ಳಿಗಳೂ ಕೊಟ್ಟಿವೆ. ಬ್ಯಾಂಕು ಅಮೆರಿಕ ಸರ್ಕಾರದ ಬಾಂಡ್ ಕೊಂಡು ವಾಷಿಂಗ್ಟನ್‌ನ ಖಜಾನೆಯಲ್ಲಿ ಒತ್ತೆ ಇಡಬೇಕಿತ್ತು. ಅದರ ಮೇಲೆ ಸರ್ಕಾರವೇ ನೋಟು ಅಚ್ಚು ಹಾಕಿಸಿ ಕಳಿಸುತ್ತಿತ್ತು. ಮೊದಲು ಬಾಂಡಿನ ಬೆಲೆಯ ನೂರಕ್ಕೆ ತೊಂಬತ್ತರಷ್ಟು ಮಾತ್ರ ನೋಟು ಸಿಗುತ್ತಿತ್ತು, 1900ರ ಕಾನೂನು ಅದನ್ನು ಪೂರ್ತಿ ನೂರಕ್ಕೆ ಏರಿಸಿತು. ಅದೇ ಕಾನೂನು ಇನ್ನೊಂದು ಕೆಲಸ ಮಾಡಿತು. ಮೂರು ಸಾವಿರದೊಳಗೆ ಜನ ಇರುವ ಊರಾದರೆ 25,000 ಡಾಲರ್ ಬಂಡವಾಳ ಇದ್ದರೆ ಸಾಕು, ಬ್ಯಾಂಕು ತೆರೆಯಬಹುದು ಅಂತ ಹೇಳಿತು. ಮುಂಚೆ 50,000 ಬೇಕಿತ್ತು. ಇವತ್ತು ನಾವು ಹುಡುಕುವ ಪುಟ್ಟ ಪುಟ್ಟ ಊರಿನ ನೋಟುಗಳಲ್ಲಿ ಎಷ್ಟೋ ಈ ಒಂದು ಬದಲಾವಣೆಯಿಂದ ಹುಟ್ಟಿದವು.

ಪ್ರತಿ ಬ್ಯಾಂಕಿಗೂ ಒಂದು ಚಾರ್ಟರ್ ನಂಬರ್, ಅಂದರೆ ಸರ್ಕಾರ ಕೊಟ್ಟ ಪರವಾನಗಿಯ ನಂಬರ್ ಇತ್ತು. ಒಂದನೇ ನಂಬರ್ ಫಿಲಡೆಲ್ಫಿಯಾದ ಫಸ್ಟ್ ನ್ಯಾಷನಲ್ ಬ್ಯಾಂಕಿನದು. ಕೊನೆಗೆ ಆ ನಂಬರ್‌ಗಳು ಹದಿನಾಲ್ಕು ಸಾವಿರ ದಾಟಿದವು. ಪೆನ್ಸಿಲ್ವೇನಿಯಾ ಒಂದರಲ್ಲೇ ಇಂಥ ಬ್ಯಾಂಕುಗಳು ಸಾವಿರಕ್ಕೂ ಜಾಸ್ತಿ ಇದ್ದವು, ಅದಕ್ಕೇ ನಾನು ಈ ರಾಜ್ಯವನ್ನೇ ಹಿಡಿದುಕೊಂಡಿದ್ದು. ಕೆಲಸಕ್ಕೆ ಅಂತ ಬಂದು ಹನ್ನೊಂದು ವರ್ಷದಿಂದ ಇಲ್ಲೇ ಇದ್ದೇನೆ. ವಾರಾಂತ್ಯದಲ್ಲಿ ಕಾರಿನಲ್ಲಿ ಹೋಗುವಾಗ ಕಾಣುವ ಊರಿನ ಬೋರ್ಡುಗಳೆಲ್ಲ ಈಗ ನನಗೆ ನೋಟಿನ ಹೆಸರಾಗಿಯೇ ಕಾಣುತ್ತವೆ.

ಈಗ ಮೇಳದ ವಿಷಯ. ದೊಡ್ಡ ಹಾಲ್, ನೂರಾರು ಟೇಬಲ್, ಮುಕ್ಕಾಲು ಪಾಲು ನಾಣ್ಯದವರೇ. ನೋಟಿನವರು ಹತ್ತು ಹನ್ನೆರಡು ಜನ ಇದ್ದರು. ಅವರಲ್ಲಿ ಒಬ್ಬರು ಎಪ್ಪತ್ತು ದಾಟಿದ ಹಿರಿಯರು. ಅವರ ಟೇಬಲ್ ಮೇಲೆ ಗಾಜಿನ ಪೆಟ್ಟಿಗೆ ಏನೂ ಇರಲಿಲ್ಲ, ಉದ್ದನೆಯ ರಟ್ಟಿನ ಡಬ್ಬಿಗಳಷ್ಟೇ. ರಾಜ್ಯಕ್ಕೊಂದು ಡಬ್ಬಿ, ಒಳಗೆ ಊರಿನ ಹೆಸರಿನ ಪ್ರಕಾರ ಅಕಾರಾದಿಯಾಗಿ ಜೋಡಿಸಿದ ನೋಟುಗಳು. ಬೇರೆಯವರೆಲ್ಲ 'ಎಷ್ಟು ಬಜೆಟ್' ಅಂತ ಮಾತು ಶುರು ಮಾಡಿದರೆ ಇವರು ಕೇಳಿದ್ದು 'ಯಾವ ಊರು' ಅಂತ. ಆ ಒಂದು ಪ್ರಶ್ನೆಗೇ ನಾನು ಅಲ್ಲಿ ಕುರ್ಚಿ ಎಳೆದುಕೊಂಡು ಕೂತೆ.

ಸುಮಾರು ಎರಡು ಗಂಟೆ ಅಲ್ಲೇ ಇದ್ದೆ. ಮೊದಲು ನಾನು ಎತ್ತಿಕೊಂಡ ನೋಟು ನೋಡಿ ಅವರು ತಲೆ ಆಡಿಸಿ ವಾಪಸ್ ಇಡಿಸಿದರು. ಕಂದು ಬಣ್ಣದ ಸೀಲ್, 1929ರ ಸೀರೀಸ್, ಎಡಗಡೆ ಕಪ್ಪು ಅಕ್ಷರದಲ್ಲಿ ಬ್ಯಾಂಕಿನ ಹೆಸರು, ಎಲ್ಲವೂ ಇತ್ತು. ಆದರೆ ಹೆಸರು ಫೆಡರಲ್ ರಿಸರ್ವ್ ಬ್ಯಾಂಕ್ ಆಫ್ ಫಿಲಡೆಲ್ಫಿಯಾ. ಅದು ಅಮೆರಿಕದ ಕೇಂದ್ರ ಬ್ಯಾಂಕಿನ ಒಂದು ಶಾಖೆ ಇದ್ದ ಹಾಗೆ, ಆ ನೋಟು ಬೇರೆಯೇ ಜಾತಿ. ಒಂದೇ ತರಹದ ಕಾಗದದ ಮೇಲೆ, ಅದೇ ಕಂದು ಸೀಲ್ ಹಾಕಿ ಫೆಡರಲ್ ರಿಸರ್ವ್ ಬ್ಯಾಂಕುಗಳಿಗೂ ನೋಟು ಅಚ್ಚು ಹಾಕಿಕೊಟ್ಟಿದ್ದರು. ಅದರಲ್ಲಿ ಚಾರ್ಟರ್ ನಂಬರ್ ಇರುವುದಿಲ್ಲ, ಆ ಜಾಗದಲ್ಲಿ ಒಂದು ದಪ್ಪ ಅಕ್ಷರ ಇರುತ್ತದೆ. 'ನಿಮಗೆ ಊರು ಬೇಕು ಅಂದಿರಿ, ಇದರಲ್ಲಿ ಊರು ಇಲ್ಲ' ಅಂದರು. ಆ ನೋಟು ಮಾರಿದ್ದರೆ ಅವರಿಗೆ ಲಾಭವೇ ಇತ್ತು ಅಲ್ವಾ? ಮಾರಲಿಲ್ಲ.

ಆಮೇಲೆ ಅವರೇ ತೆಗೆದುಕೊಟ್ಟದ್ದು ನಾನು ಕೊಂಡ ಈ ನೋಟು. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಅದೇ ಊರಿನ ಇನ್ನೊಂದು ನೋಟು ಹುಡುಕುತ್ತಿದ್ದೇನೆ, ಅದು ಕೈಗೆ ಸಿಗುವವರೆಗೆ ಹೇಳುವುದು ಬೇಡ ಅಂದುಕೊಂಡಿದ್ದೇನೆ. ಕಲ್ಲಿದ್ದಲು ಸೀಮೆಯ ಸಣ್ಣ ಊರು, ಅಷ್ಟು ಸಾಕು. ನೋಟಿನ ಮಧ್ಯೆ ಅಮೆರಿಕದ ಮೊದಲ ಹಣಕಾಸು ಮಂತ್ರಿ ಹ್ಯಾಮಿಲ್ಟನ್ ಚಿತ್ರ, ಎಡಕ್ಕೆ ಬ್ಯಾಂಕಿನ ಹೆಸರು, ಊರು, ರಾಜ್ಯ, ಕೆಳಗೆ ಕ್ಯಾಷಿಯರ್ ಮತ್ತು ಪ್ರೆಸಿಡೆಂಟ್ ಸಹಿ. 1929ರ ಹೊತ್ತಿಗೆ ಈ ಸಹಿಗಳನ್ನೂ ಅಚ್ಚು ಹಾಕಿಯೇ ಕಳಿಸುತ್ತಿದ್ದರು. ಮೇಲೆ ಜೋನ್ಸ್ ಮತ್ತು ವುಡ್ಸ್ ಅನ್ನುವ ಇಬ್ಬರು ಸರ್ಕಾರಿ ಅಧಿಕಾರಿಗಳ ಸಹಿ ಇರುತ್ತದೆ, ಅದು 1929ರ ಎಲ್ಲ ನ್ಯಾಷನಲ್ ನೋಟಿನಲ್ಲೂ ಒಂದೇ. ಸೀರಿಯಲ್ ನಂಬರ್ ಡಿ ಅಕ್ಷರದಿಂದ ಶುರುವಾಗಿ ಎ ಅಕ್ಷರಕ್ಕೆ ಮುಗಿಯುತ್ತದೆ, ಮಧ್ಯೆ 000412.

ಈ ನಂಬರ್ ಓದುವುದನ್ನು ಕಲಿಸಿಕೊಟ್ಟವರೂ ಅವರೇ. 1929ರ ಸೀರೀಸ್‌ನಲ್ಲಿ ಮೊದಲು ಬಂದ, ಟೈಪ್ 1 ಅನ್ನುವ ನೋಟುಗಳಲ್ಲಿ ಒಂದು ಹಾಳೆಗೆ ಆರು ನೋಟು. ಆರಕ್ಕೂ ನಂಬರ್ ಒಂದೇ, ಶುರುವಿನ ಅಕ್ಷರ ಮಾತ್ರ ಎ, ಬಿ, ಸಿ, ಡಿ, ಇ, ಎಫ್ ಅಂತ ಬದಲಾಗುತ್ತದೆ. ಅಂದರೆ ನನ್ನದು ಆ ಬ್ಯಾಂಕಿಗೆ ಬಂದ ಹತ್ತು ಡಾಲರಿನ 412ನೇ ಹಾಳೆಯ ನಾಲ್ಕನೇ ನೋಟು. ಹಾಳೆಗಳು ಕತ್ತರಿಸದೆ ಬರುತ್ತಿದ್ದವು, ಬ್ಯಾಂಕಿನಲ್ಲೇ ಯಾರೋ ಕೂತು ಕತ್ತರಿಸುತ್ತಿದ್ದರು. ನನ್ನ ನೋಟಿನ ಮೇಲಿನ ಅಂಚು ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ. ತೊಂಬತ್ತು ವರ್ಷದ ಹಿಂದೆ ಯಾವುದೋ ಗುಮಾಸ್ತರ ಕತ್ತರಿ ಸ್ವಲ್ಪ ಓರೆಯಾದ ಗುರುತು ಅದು. ನನಗೆ ಆ ಓರೆ ಅಂಚೇ ತುಂಬ ಇಷ್ಟ.

1933ರಿಂದ ಬಂದ ಟೈಪ್ 2 ಬೇರೆ ರೀತಿ. ಅದರಲ್ಲಿ ಚಾರ್ಟರ್ ನಂಬರ್ ಕಪ್ಪಿನಲ್ಲಿ ಎರಡು ಸಲ, ಸೀರಿಯಲ್ ನಂಬರ್ ಪಕ್ಕದಲ್ಲಿ ಕಂದು ಬಣ್ಣದಲ್ಲಿ ಇನ್ನೆರಡು ಸಲ ಇರುತ್ತದೆ. ನೋಟು ಒಂದೊಂದಕ್ಕೂ ಬೇರೆ ಬೇರೆ ನಂಬರ್. ನೋಡಿದ ತಕ್ಷಣ ಗೊತ್ತಾಗುತ್ತದೆ.

ಆ ಹಿರಿಯರ ಬಗ್ಗೆ ಮೆಚ್ಚಲೇಬೇಕಾದ ಮಾತು, ನೋಟಿನ ದೋಷವನ್ನು ಅವರೇ ಮೊದಲು ಹೇಳಿದ್ದು. ಪ್ಲಾಸ್ಟಿಕ್ ಕವರಿನ ಮೇಲಿನ ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು: ಗುಂಡುಸೂಜಿ ತೂತು ಎರಡು, ಹಿಂಬದಿಯಲ್ಲಿ ಯಾರೋ ಲೆಕ್ಕ ಬರೆದ ಗುರುತು, ಬಲ ಮೂಲೆ ಮೊಂಡು. ನೋಟನ್ನು ಕವರಿನಿಂದ ತೆಗೆದು ನನ್ನ ಕೈಗೆ ಕೊಟ್ಟು, ಪುಟ್ಟ ಟಾರ್ಚ್ ಹಿಂದೆ ಹಿಡಿದು ತೋರಿಸಿದರು. ಬೆಳಕು ತೂತಿನಿಂದ ಸೂಜಿಮೊನೆಯ ಹಾಗೆ ಬಂತು. 'ತೂತು ಕಾಣಿಸಿದರೆ ಹೆದರಬೇಡಿ, ಕಾಣಿಸಬೇಕಾದ ಕಡೆ ಕಾಣಿಸದಿದ್ದರೆ ಹೆದರಿ' ಅಂದರು. ಈ ಮಾತು ನಾಲ್ಕು ತಿಂಗಳು ಮುಂಚೆ ಕೇಳಿದ್ದರೆ ನನಗೆ 640 ಡಾಲರ್ ಉಳಿಯುತ್ತಿತ್ತು.

ಆ ಆನ್‌ಲೈನ್ ಖರೀದಿ ಹೀಗಾಯಿತು. ಮಾರಿದವರ ಹೆಸರು ಬೇಡ. 1902ರ ಸೀರೀಸ್‌ನ ದೊಡ್ಡ ಅಳತೆಯ ನೋಟು, ಈಗಿನ ಡಾಲರಿಗಿಂತ ಅಗಲ, ಉದ್ದ ಎರಡೂ ಜಾಸ್ತಿ, ಮೇಲೆ ಅಮೆರಿಕದ ಅಧ್ಯಕ್ಷರಾಗಿದ್ದ ಮೆಕಿನ್ಲಿ ಚಿತ್ರ. ಈ ದೊಡ್ಡ ನೋಟುಗಳ ಸೊಗಸು ಅಂದರೆ ಸಹಿ. ಹಾಳೆ ಬ್ಯಾಂಕಿಗೆ ಬಂದ ಮೇಲೆ ಕ್ಯಾಷಿಯರ್ ಮತ್ತು ಪ್ರೆಸಿಡೆಂಟ್ ಕೂತು ಲೇಖನಿಯಿಂದ ಒಂದೊಂದಕ್ಕೂ ಸಹಿ ಮಾಡಬೇಕಿತ್ತು. ಕೆಲವರು ರಬ್ಬರ್ ಸ್ಟಾಂಪ್ ಮಾಡಿಸಿಕೊಂಡರು. ಲೇಖನಿಯ ಶಾಯಿ ನೂರು ವರ್ಷದಲ್ಲಿ ಮಾಸಿ ತೆಳು ಕಂದು ಆಗುತ್ತದೆ, ಎಷ್ಟೋ ನೋಟಿನಲ್ಲಿ ಪೂರ್ತಿ ಅಳಿಸಿಯೇ ಹೋಗಿರುತ್ತದೆ. ನಾನು ಫೋಟೋದಲ್ಲಿ ನೋಡಿದ ನೋಟಿನಲ್ಲಿ ಎರಡೂ ಸಹಿ ಗಾಢವಾಗಿ, ನಿನ್ನೆ ಮಾಡಿದ ಹಾಗೆ ಇದ್ದವು. ಕಾಗದ ನಯ, ಮಡಿಕೆ ಬಹಳ ಕಡಿಮೆ. ವೆರಿ ಫೈನ್, ಅಂದರೆ ಬಳಸಿದ್ದರೂ ಒಳ್ಳೆಯ ಸ್ಥಿತಿಯ ನೋಟು ಅಂತ ಬರೆದಿದ್ದರು. ಖುಷಿಯಾಗಿ ತಗೊಂಡೆ.

ಮನೆಗೆ ಬಂದ ಮೇಲೆ ಕೈಯಲ್ಲಿ ಹಿಡಿದಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಕಾಗದದಲ್ಲಿ ಆ ಗರಿಗರಿ ಇರಲಿಲ್ಲ, ಇಸ್ತ್ರಿ ಹಾಕಿದ ಹಳೇ ಬಟ್ಟೆಯ ಹಾಗೆ ಚಪ್ಪಟೆ. ನೋಟು ಪರೀಕ್ಷಿಸಿ ಅದರ ಸ್ಥಿತಿಗೆ ಅಂಕ ಕೊಡುವ ಗ್ರೇಡಿಂಗ್ ಕಂಪನಿಗೆ ಕಳಿಸಿದೆ. ಶುಲ್ಕ, ಅಂಚೆ, ವಿಮೆ ಎಲ್ಲ ಸೇರಿ ಇನ್ನೂ 70 ಡಾಲರ್. ಎರಡು ತಿಂಗಳು ಕಾದ ಮೇಲೆ ಬಂದ ಉತ್ತರ: 20 ನೆಟ್, ಅಂದರೆ 70ಕ್ಕೆ 20 ಅಂಕ, ಜೊತೆಗೆ ದೋಷ ಇದೆ ಅನ್ನುವ ಗುರುತು. ಕವರಿನ ಹಿಂಬದಿಯ ಚೀಟಿಯಲ್ಲಿ ಕಾರಣ ಇತ್ತು. ನೋಟನ್ನು ತೊಳೆದು ಒತ್ತಿದ್ದಾರೆ, ತೂತು ಮುಚ್ಚಿದ್ದಾರೆ, ಸಹಿಯ ಮೇಲೆ ಹೊಸ ಶಾಯಿಯಲ್ಲಿ ತಿದ್ದಿದ್ದಾರೆ.

ನನಗೆ ನೋವಾದದ್ದು ಆ ಸಹಿಯ ವಿಷಯಕ್ಕೆ. ತೊಳೆದದ್ದು, ಒತ್ತಿದ್ದು ಇರಲಿ, ಆ ಸಹಿ ಒಬ್ಬ ಮನುಷ್ಯ ತನ್ನ ಮೇಜಿನ ಮುಂದೆ ಕೂತು, ನೂರಾರು ನೋಟುಗಳಿಗೆ ಬೇಸರವಿಲ್ಲದೆ ಮಾಡಿದ ಸಹಿ. ಮಾಸಿದ್ದರೆ ಮಾಸಿರಲಿ. ಅದರ ಮೇಲೆ ಇನ್ನೊಬ್ಬರು ಕೈ ಆಡಿಸಿದರೆ ಆ ನೋಟಿನಲ್ಲಿ ಆ ಮನುಷ್ಯ ಉಳಿಯುವುದೇ ಇಲ್ಲ. ಮಾರಿದವರಿಗೆ ಬರೆದೆ. ವಾಪಸ್ ಮಾಡುವ ಏಳು ದಿನದ ಅವಧಿ ಮುಗಿದಿದೆ, ಮೇಲಾಗಿ ಅದು ಬ್ಯಾಂಕಿನವರೇ ಎರಡನೇ ಸಲ ಮಾಡಿದ ಸಹಿ ಇರಬಹುದು ಅಂತ ಎರಡು ಸಾಲಿನ ಉತ್ತರ ಬಂತು. ಅಲ್ಲಿಗೆ ಮುಗಿಯಿತು.

ಗ್ರೇಡಿಂಗ್ ಬೇಕಾ ಬೇಡವಾ ಅಂತ ತುಂಬ ಜನ ಕೇಳುತ್ತಾರೆ. ಪಿಎಂಜಿ, ಪಿಸಿಜಿಎಸ್ ಅನ್ನುವ ಗ್ರೇಡಿಂಗ್ ಕಂಪನಿಗಳು ಎರಡೂ 70ರವರೆಗಿನ ಅಳತೆಯಲ್ಲಿ ಅಂಕ ಕೊಡುತ್ತವೆ, ಕಾಗದ ಸಹಜವಾಗಿದ್ದರೆ ಅದನ್ನೂ ಚೀಟಿಯಲ್ಲಿ ಹೇಳುತ್ತವೆ. ನನ್ನ ಅಭಿಪ್ರಾಯ: ಸುಲಭವಾಗಿ ಸಿಗುವ, ನೂರು ಡಾಲರಿನ ಆಸುಪಾಸಿನ ನೋಟಿಗೆ ಸುಮ್ನೆ ಖರ್ಚು ಮಾಡಬೇಡಿ. ಐನೂರು ದಾಟಿದರೆ ಗ್ರೇಡ್ ಆದದ್ದನ್ನೇ ಕೊಳ್ಳಿ. ಆದರೆ ಆ ಅಂಕ ಹೇಳುವುದು ಕಾಗದದ ಕಥೆ ಮಾತ್ರ. ಎಷ್ಟೋ ಊರುಗಳಿಂದ ಉಳಿದಿರುವುದು ಬೆರಳೆಣಿಕೆಯ ನೋಟುಗಳು, ಕೆಲವದರಿಂದ ಒಂದೂ ಉಳಿದಿಲ್ಲ. ಅಂಥ ಊರಿನದು ಸಿಕ್ಕಿದರೆ ಹರಿದು ಅಂಟಿಸಿದ್ದರೂ ಜನ ಮುಗಿಬೀಳುತ್ತಾರೆ. ದೊಡ್ಡ ಊರಾದ ಪಿಟ್ಸ್‌ಬರ್ಗ್‌ನ 65 ಅಂಕದ ನೋಟಿಗಿಂತ 8 ಅಂಕದ ಹಳ್ಳಿ ನೋಟು ದುಬಾರಿ ಆಗಬಹುದು. ಇನ್ನು ಕಥೆ ಇರುವ ಊರುಗಳ ಬೇಡಿಕೆಯೇ ಬೇರೆ. ಮಿನ್ನೆಸೋಟಾದ ನಾರ್ತ್‌ಫೀಲ್ಡ್‌ನ ಫಸ್ಟ್ ನ್ಯಾಷನಲ್ ಬ್ಯಾಂಕು 1876ರ ಸೆಪ್ಟೆಂಬರ್ 7ರಂದು ಜೇಮ್ಸ್–ಯಂಗರ್ ಗುಂಪು ದರೋಡೆಗೆ ಬಂದ ಬ್ಯಾಂಕು. ತಿಜೋರಿ ತೆಗೆಯುವುದಿಲ್ಲ ಅಂದ ಬ್ಯಾಂಕಿನ ನೌಕರ ಜೋಸೆಫ್ ಲೀ ಹೇವುಡ್ ಅಲ್ಲೇ ಜೀವ ಬಿಟ್ಟರು. ಆ ಹೆಸರಿನ ನೋಟು ನನ್ನ ಕೈಗೆ ಎಟುಕುವುದು ಕಷ್ಟ, ಆದರೂ ಹರಾಜಿಗೆ ಬಂದಾಗಲೆಲ್ಲ ಫೋಟೋ ದೊಡ್ಡದು ಮಾಡಿಕೊಂಡು ನೋಡುತ್ತೇನೆ.

ಮನೆಯಲ್ಲೇ ಕೂತು ವಿಚಾರಿಸುವುದಕ್ಕೆ ಒಳ್ಳೆಯ ದಾರಿಗಳಿವೆ, ಇವಕ್ಕೆ ಪೂರ್ತಿ ಐದು ಸ್ಟಾರ್. 1961ರಲ್ಲಿ ಶುರುವಾದ ಸೊಸೈಟಿ ಆಫ್ ಪೇಪರ್ ಮನಿ ಕಲೆಕ್ಟರ್ಸ್ ಅನ್ನುವ ಸಂಘದವರು ಬ್ಯಾಂಕುಗಳ ಇತಿಹಾಸವನ್ನು ಒಂದೊಂದಾಗಿ ಬರೆದು ಇಡುತ್ತಿದ್ದಾರೆ, ಯಾರು ಪ್ರೆಸಿಡೆಂಟ್ ಆಗಿದ್ದರು, ಯಾರು ಕ್ಯಾಷಿಯರ್ ಅಂತ ಅಲ್ಲಿ ಸಿಗುತ್ತದೆ. ಹೆರಿಟೇಜ್ ಹರಾಜು ಸಂಸ್ಥೆಯ ಹಳೇ ಮಾರಾಟದ ದಾಖಲೆಯಲ್ಲಿ ನೋಟಿನ ಫೋಟೋ, ಬೆಲೆ ಎರಡೂ ನೋಡಬಹುದು. ಒಂದು ನೋಟು ಐದು ವರ್ಷದ ಹಿಂದೆ ಹೇಗಿತ್ತು, ಈಗ ಹೇಗಿದೆ ಅಂತ ಹೋಲಿಸಿದರೆ ತೊಳೆದದ್ದು, ತಿದ್ದಿದ್ದು ಎಷ್ಟೋ ಸಲ ಹೊರಗೆ ಬರುತ್ತದೆ. ಹರಾಜಿನಲ್ಲಿ ಕೊಳ್ಳುವಾಗ ಕೂಗಿದ ಬೆಲೆಯ ಮೇಲೆ ನೂರಕ್ಕೆ ಇಪ್ಪತ್ತರ ಆಸುಪಾಸು ಸೇರುತ್ತದೆ ಅನ್ನುವುದು ಮಾತ್ರ ಮೊದಲೇ ನೆನಪಿರಲಿ.

ನನ್ನ ಹತ್ತು ಡಾಲರ್ ನೋಟಿಗೆ ವಾಪಸ್ ಬರುತ್ತೇನೆ. ಕೊಂಡ ಮರುವಾರವೇ ಆ ಊರಿಗೆ ಹೋಗಿ ಬಂದೆ. ಬ್ಯಾಂಕಿನ ಕಲ್ಲಿನ ಕಟ್ಟಡ ಇನ್ನೂ ಇದೆ, ಬಾಗಿಲ ಮೇಲೆ ಕೆತ್ತಿದ ಹೆಸರೂ ಇದೆ, ಒಳಗೆ ಈಗ ಹೂವಿನ ಅಂಗಡಿ. ಊರಿನ ಲೈಬ್ರರಿಯಲ್ಲಿ ಒಬ್ಬ ಹೆಂಗಸು ಹಳೇ ಪತ್ರಿಕೆಯ ಕಡತ ತೆಗೆದುಕೊಟ್ಟರು. ಬ್ಯಾಂಕು 1931ರ ಶರತ್ಕಾಲದಲ್ಲಿ ಬಾಗಿಲು ಹಾಕಿತ್ತು. ಟೈಪ್ 2 ನೋಟು ಈ ಊರಿನದು ಯಾಕೆ ಇಲ್ಲ ಅನ್ನುವುದಕ್ಕೆ ಅಲ್ಲೇ ಉತ್ತರ ಸಿಕ್ಕಿತು. ಅವು ಬರುವ ಹೊತ್ತಿಗೆ ಬ್ಯಾಂಕೇ ಇರಲಿಲ್ಲ.

ಬಾಗಿಲು ಹಾಕಿದ ದಿನ ಆ ಊರಿನಲ್ಲಿ ಏನಾಗಿರಬಹುದು ಅಂತ ನಾನು ತುಂಬ ಯೋಚನೆ ಮಾಡಿದ್ದೇನೆ. ಠೇವಣಿಗೆ ವಿಮೆ ಅನ್ನುವುದು ಆಗ ಇರಲಿಲ್ಲ, ಅದು ಜಾರಿಗೆ ಬಂದದ್ದು 1934ರ ಜನವರಿ 1ರಿಂದ. ಗಣಿ ಕೆಲಸದವರು ಖಾತೆಯಲ್ಲಿ ಇಟ್ಟಿದ್ದ ದುಡ್ಡಿಗೆ ವರ್ಷಗಟ್ಟಲೆ ಕಾಯಬೇಕು, ಎಷ್ಟು ಬರುತ್ತದೋ ಅಷ್ಟು. ಆದರೆ ಅದೇ ಬ್ಯಾಂಕಿನ ಹೆಸರಿದ್ದ ನೋಟು ಯಾರದಾದರೂ ಜೇಬಿನಲ್ಲಿದ್ದರೆ ಅದು ಮಾರನೇ ದಿನವೂ ಪೂರ್ತಿ ಹತ್ತು ಡಾಲರ್, ಅಂಗಡಿಯವರಿಗೆ ಬೇಡ ಅನ್ನಲು ಕಾರಣ ಇರಲಿಲ್ಲ, ಯಾಕೆಂದರೆ ಅದರ ಹಿಂದಿನ ಬಾಂಡ್ ವಾಷಿಂಗ್ಟನ್‌ನಲ್ಲಿ ಭದ್ರವಾಗಿತ್ತು. 1863ಕ್ಕೆ ಮುಂಚಿನ ರಾಜ್ಯ ಬ್ಯಾಂಕುಗಳ ಕಾಲದಲ್ಲಿ ಎಷ್ಟೋ ಕಡೆ ಬ್ಯಾಂಕು ಮುಳುಗಿದರೆ ನೋಟೂ ಮುಳುಗುತ್ತಿತ್ತು. ಇದರಲ್ಲಿ ಹಾಗಾಗಲಿಲ್ಲ. ಬ್ಯಾಂಕು ಸತ್ತ ಮೇಲೂ ಅದರ ನೋಟು ಬದುಕಿತು. 1935ರಲ್ಲಿ ಸರ್ಕಾರ ಒತ್ತೆಯ ಬಾಂಡುಗಳನ್ನೇ ವಾಪಸ್ ತಗೊಂಡು ಈ ವ್ಯವಸ್ಥೆ ನಿಲ್ಲಿಸಿದ ಮೇಲೆ ನೋಟುಗಳು ಒಂದೊಂದಾಗಿ ಖಜಾನೆಗೆ ಹೋಗಿ ನಾಶವಾದವು. ಹೋಗದೆ ಉಳಿದವುಗಳಲ್ಲಿ ಇದು ಒಂದು. ಇವತ್ತಿಗೂ ಕಾನೂನಿನ ಪ್ರಕಾರ ಇದರ ಬೆಲೆ ಹತ್ತು ಡಾಲರ್ ಇದೆ.

ಈ ಸಲ ಅರ್ಧ ಸ್ಟಾರ್ ಯಾಕೆ ಕಡಿಮೆ ಅಂತ ಹೇಳಿಬಿಡುತ್ತೇನೆ. ಆ ಹಿರಿಯರು ಕಾರ್ಡ್ ತಗೊಳ್ಳುವುದಿಲ್ಲ, ನಗದು ಅಥವಾ ಚೆಕ್ ಮಾತ್ರ, ನಾನು ಹಾಲ್‌ನಿಂದ ಹೊರಗೆ ಹೋಗಿ ಎಟಿಎಂ ಹುಡುಕಬೇಕಾಯಿತು. ಬಿಲ್ಲು ಕೇಳಿದರೆ ಮಾತ್ರ ಬರೆದುಕೊಡುತ್ತಾರೆ, ಕೇಳಿ ತಗೊಳ್ಳಿ, ಮುಂದೆ ಮಾರುವಾಗಲೋ ವಿಮೆ ಮಾಡಿಸುವಾಗಲೋ ಬೇಕಾಗುತ್ತದೆ. ಡಬ್ಬಿಯಲ್ಲಿ ಅರ್ಧ ನೋಟುಗಳಿಗೆ ಬೆಲೆಯ ಚೀಟಿ ಇಲ್ಲ, ಪ್ರತಿಯೊಂದಕ್ಕೂ ಕೇಳುತ್ತಾ ಕೂರಬೇಕು. ಚೌಕಾಸಿಗೆ ಸ್ವಲ್ಪ ಜಾಗ ಇದೆ. 210 ಅಂದರು, ದೋಷಗಳನ್ನು ಅವರೇ ಹೇಳಿದ್ದರಿಂದ ನನಗೆ ಜಾಸ್ತಿ ಎಳೆಯಲು ಮನಸ್ಸಾಗಲಿಲ್ಲ, 185ಕ್ಕೆ ಒಪ್ಪಿದರು. ಹಾಲ್‌ನ ಬೆಳಕು ಬಹಳ ಮಂದ, ಆದರೆ ಅದು ಅವರ ತಪ್ಪಲ್ಲ. ನಿಮ್ಮದೇ ಟಾರ್ಚ್ ಮತ್ತು ಭೂತಗನ್ನಡಿ ತಗೊಂಡು ಹೋಗಿ. ಮನೆಗೆ ತಂದ ಮೇಲೆ ಮೈಲಾರ್ ಅನ್ನುವ ಪ್ಲಾಸ್ಟಿಕ್‌ನ ಕವರಿನಲ್ಲೇ ಇಡಿ, ಅಗ್ಗದ ಪಿವಿಸಿ ಕವರ್ ವರ್ಷಗಳು ಕಳೆದಂತೆ ಅಂಟಂಟಾಗಿ ಕಾಗದವನ್ನು ಹಾಳು ಮಾಡುತ್ತದೆ.

ಏಳುವ ಮುಂಚೆ ಅದೇ ಊರಿನ 1902ರ ದೊಡ್ಡ ನೋಟು ಸಿಗಬಹುದಾ ಅಂತ ಕೇಳಿದೆ. ಅವರು ಒಂದು ಹಳೇ ನೋಟ್‌ಬುಕ್ ತೆಗೆದು, ಪುಟ ತಿರುವಿ, ಊರಿನ ಹೆಸರಿನ ಮುಂದೆ ನನ್ನ ಫೋನ್ ನಂಬರ್ ಬರೆದುಕೊಂಡರು. ಆ ಸಾಲಿನಲ್ಲಿ ನನಗಿಂತ ಮುಂಚೆ ಇನ್ನೊಬ್ಬರ ನಂಬರ್ ಇತ್ತು, ಅದರ ಮೇಲೆ ಗೆರೆ ಎಳೆದಿತ್ತು. 'ಅವರಿಗೆ ಸಿಕ್ಕಿತಾ?' ಅಂದೆ. 'ಇಲ್ಲ, ಹೋದ ವರ್ಷ ತೀರಿಕೊಂಡರು. ಮೂವತ್ತು ವರ್ಷ ಹುಡುಕಿದರು. ಸಹಿ ಮಾತ್ರ ಮಾಸಿರಬಾರದು ಅಂತಿದ್ದರು' ಅಂದರು. ನನಗೆ ಮಾಸಿದ್ದರೂ ಪರವಾಗಿಲ್ಲ ಅಂತ ಹೇಳಿ ಬಂದೆ. ಅದನ್ನೂ ನಂಬರ್ ಪಕ್ಕದಲ್ಲಿ ಬರೆದುಕೊಂಡರು.